ಬಾವಿ ಖಾಲಿ ಆಹೇ

ನನಗೆ ಮರಾಠಿ ಬರುತ್ತದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ನಮ್ಮದು ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ದಖನಿ ಹಿಂದಿ. ಗಂಡನದು ಕೇಂದ್ರ ಸರ್ಕಾರದ ನೌಕರಿ. ಅವರಿಗೆ ನಾಸಿಕಕ್ಕೆ ವರ್ಗವಾದಾಗ ನಾನೂ ಗಂಟುಮೂಟೆ ಕಟ್ಟಿದೆ. ಎರಡು ತಿಂಗಳು ಟೀವಿಯಲ್ಲಿ ಮರಾಠಿ ಧಾರಾವಾಹಿ ನೋಡಿದ ಮೇಲೆ, ಹಿಂದಿಯ ಬಾಲಕ್ಕೆ ಒಂದು ‘ಆಹೇ’, ಅಂದರೆ ‘ಇದೆ’, ಹಚ್ಚಿದರೆ ಮರಾಠಿ ಆಗುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದೆ. ಗಂಡ ನಗುತ್ತಿದ್ದರು. “ನಗ್ರಿ ನಗ್ರಿ, ಆರು ತಿಂಗಳದಾಗ ನಿಮಗೇ ಪಾಠ ಹೇಳ್ತೀನಿ” ಎನ್ನುತ್ತಿದ್ದೆ.

ನಾನು ಸಿವಿಲ್ ಇಂಜಿನಿಯರ್. ನಾಸಿಕದಲ್ಲಿ ಹೆದ್ದಾರಿಯ ಪಕ್ಕ ದೊಡ್ಡದೊಂದು ಮಾಲ್ ಕಟ್ಟುತ್ತಿದ್ದವರು ನನಗೆ ಕೆಲಸ ಕೊಟ್ಟರು. ಆದರೆ ಮೊದಲು ಒಂದು ತಿಂಗಳು ಛತ್ರಪತಿ ಸಂಭಾಜಿನಗರಕ್ಕೆ ಕಳಿಸಿದರು. ಅಲ್ಲಿ ಅವರದೇ ಹಳೆಯ ಮಾಲ್ ಇತ್ತು. ಅದು ಮೊದಲು ಒಂದೇ ಅಂತಸ್ತಿನ ಬಟ್ಟೆ ಮಳಿಗೆಯಂತೆ. ಆಮೇಲೆ ಪಕ್ಕಕ್ಕೆ ಚಾಚಿ, ಮೇಲಕ್ಕೆ ಏರಿ, ನೆತ್ತಿಗೆ ಸಿನಿಮಾ ಮಂದಿರ ಹೊತ್ತು ನಿಂತಿತ್ತು. ಗಿರಾಕಿಗಳು ಕಾಣದ ಹಿಂಬದಿಯ ಓಣಿಗಳಲ್ಲಿ ಪೈಪುಗಳನ್ನೂ ತಂತಿಗಳನ್ನೂ ನೋಡುತ್ತ ಅಡ್ಡಾಡುವಾಗ ನನಗೆ ಬೆರಗೋ ಬೆರಗು. ಹೊರಗೆ ಹೆಂಗಸರು ಸೀರೆ ಆರಿಸುತ್ತಿದ್ದಾರೆ, ಒಳಗೆ ಒಂದು ಊರಿಗೆ ಸಾಲುವಷ್ಟು ನೀರು ಗೋಡೆಯೊಳಗೆ ಹರಿಯುತ್ತಿದೆ!

ನನ್ನ ಮುಖ್ಯ ಇಂಜಿನಿಯರ್ ಆ ಊರಿನವರೇ. ನಿವೃತ್ತಿಯ ಅಂಚಿನಲ್ಲಿದ್ದ, ಮಾತು ಕಮ್ಮಿ ಇದ್ದ ಮನುಷ್ಯ. ಎಲ್ಲರೂ ‘ಬಡೇ ಸಾಹೇಬ್’ ಎನ್ನುತ್ತಿದ್ದರು. ಆ ಊರಿನ ನೆಲದ ಕೆಳಗೆ ಹಳೆಯ ಕಾಲದ ನೀರಿನ ಕಾಲುವೆಗಳು ಹರಿದಿವೆ. ಎಲ್ಲಿ ಅಗೆದರೆ ಏನು ಸಿಗುತ್ತದೋ ಹೇಳಲು ಬಾರದು. ಅದಕ್ಕೇ ಅವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಭಾರದ ಯಂತ್ರ ನಿಲ್ಲುವ ಪ್ರತಿ ಜಾಗಕ್ಕೂ ನೆಲದ ತಪಾಸಣೆಯ ಒಂದು ಪುಸ್ತಕ. ಅದರಲ್ಲಿ ಮಣ್ಣಿನ ಪರೀಕ್ಷೆ, ಅಳತೆ, ನಕ್ಷೆ ಎಲ್ಲ ಆದ ಮೇಲೆ ಕೊನೆಗೆ ಒಂದು ಅಂಕಣ: ಹಳಬರ ಮಾತು. ಆ ಜಾಗ ಬಲ್ಲ ಅತ್ಯಂತ ಹಿರಿಯರನ್ನು ಹುಡುಕಿ ಕೇಳಬೇಕು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು.

“ಅವರ ಮಾತಿನಲ್ಲೇ. ತಿಳಿಯಿತೆ?” ಎಂದು ಹಿಂದಿಯಲ್ಲಿ ಎರಡು ಸಲ ಹೇಳಿದರು. “ತಿಳಿಯಿತು ಸಾಹೇಬ್” ಎಂದೆ. ಏನು ತಿಳಿದಿತ್ತೋ ದೇವರಿಗೇ ಗೊತ್ತು.

ನಾಸಿಕದ ಜಾಗಕ್ಕೆ ನಾನು ಮೊದಲು ಬಂದಾಗ ಅಲ್ಲಿ ಇನ್ನೂ ದ್ರಾಕ್ಷಿ ತೋಟದ ಗುರುತುಗಳಿದ್ದವು. ಬಳ್ಳಿ ಹಬ್ಬಿಸಲು ನೆಟ್ಟಿದ್ದ ಕಬ್ಬಿಣದ ಕಂಬಗಳನ್ನು ಕಿತ್ತು ಒಂದು ಕಡೆ ರಾಶಿ ಹಾಕಿದ್ದರು. ಪಿಂಪಳಗಾಂವ್ ಬಸವಂತ್ ಮಾರುಕಟ್ಟೆಯ ಕಡೆಗೆ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತಿದ್ದವು. ಅವುಗಳ ಮೇಲೆ ಕೂತವರು ಕತ್ತು ಹೊರಳಿಸಿ ನಮ್ಮ ಗುಂಡಿಯನ್ನು ನೋಡುತ್ತಿದ್ದರು. ಗುಂಡಿ ಅಂದರೆ ಅಂಥಿಂಥ ಗುಂಡಿಯಲ್ಲ. ಕರಿಮಣ್ಣು ಕಳೆದು, ಮುರುಮು ಎಂಬ ಗರಸುಮಣ್ಣು ಕಳೆದು, ಕಪ್ಪು ಬಂಡೆಯನ್ನು ಸೀಳಿ ಎರಡು ಅಂತಸ್ತು ಕೆಳಗೆ ಇಳಿದಿತ್ತು. ಅಂಚಿನಲ್ಲಿ ನಿಂತರೆ ತಳದಲ್ಲಿ ಓಡಾಡುವ ಜನ ಇರುವೆಗಳ ಹಾಗೆ ಕಾಣುತ್ತಿದ್ದರು.

ಅದು ಬೆಳೆದ ಪರಿ ನೋಡಿಯೇ ನಂಬಬೇಕು. ಒಂದು ವಾರ ರಜೆ ಹಾಕಿ ಊರಿಗೆ ಹೋಗಿ ಬಂದರೆ ದಾರಿ ತಪ್ಪುತ್ತಿತ್ತು. ನಿನ್ನೆ ಆಕಾಶ ಇದ್ದಲ್ಲಿ ಇವತ್ತು ಛಾವಣಿ. ಕಂಬಗಳು ಎದ್ದವು, ಅಂತಸ್ತುಗಳು ಕೂತವು. ನಡುವೆ ಮಾತ್ರ ನೆಲದಿಂದ ನೆತ್ತಿಯವರೆಗೆ ಒಂದು ದೊಡ್ಡ ಬಯಲು ಬಿಟ್ಟರು. ಕೂಲಿಯವರು ಅದಕ್ಕೆ ‘ಚೌಕ’ ಎಂದು ಹೆಸರಿಟ್ಟರು. ಆ ಚೌಕದ ಮೇಲೆ ಗಾಜಿನ ಮಾಡು ಬರಬೇಕು, ಮಾಡನ್ನು ಹೊರಲು ಉಕ್ಕಿನ ತೊಲೆಗಳು ಕೂರಬೇಕು. ಒಂದೊಂದು ತೊಲೆಯೂ ಒಂದು ಬಸ್ಸಿನ ಮೂರು ಪಟ್ಟು ಉದ್ದ. ಸಾತಪುರದ ಕಾರ್ಖಾನೆಯಲ್ಲಿ ತಯಾರಾಗಿ, ತುಂಡು ತುಂಡಾಗಿ ಬಂದು, ನಮ್ಮ ಅಂಗಳದಲ್ಲಿ ಜೋಡಣೆಗೊಂಡು ಮಲಗಿದ್ದವು.

ತೊಲೆ ಎತ್ತಲು ಬರುವ ಕ್ರೇನು ಮಾಲಿನ ಮುಂದಿನ ಬಯಲಿನಲ್ಲಿ ನಿಲ್ಲಬೇಕಿತ್ತು. ಆ ನೆಲಕ್ಕೆ ಒಪ್ಪಿಗೆ ಬರೆಯುವ ಕೆಲಸ ನನ್ನದು. ಹಳೆಯ ಜಮೀನಿನ ಕಾಗದದಲ್ಲಿ ಆ ತುಂಡಿಗೆ ‘ವಿಹೀರ್ ಒಂದು’ ಎಂದಿತ್ತು. ವಿಹೀರ್ ಅಂದರೆ ಬಾವಿ. ಅಷ್ಟು ಮರಾಠಿ ಬರುತ್ತಿತ್ತು. ಆದರೆ ನೆಲದ ಮೇಲೆ ಬಾವಿಯ ಸುಳಿವೇ ಇಲ್ಲ, ಅಂಗೈಯ ಹಾಗೆ ಸಪಾಟು. ಆ ಜಮೀನು ಮಾರಿದ ಮನೆಯವರ ಆಜಿ, ಅಂದರೆ ಅಜ್ಜಿ, ಇನ್ನೂ ಗಟ್ಟಿಯಾಗಿದ್ದಾರೆ, ಅವರನ್ನೇ ಕೇಳಿ ಎಂದರು. ಹೋದೆ.

ಉಳಿದ ತೋಟದ ಬದಿಗೆ ಅವರ ಮನೆ. ಕೊಟ್ಟಿಗೆಯಲ್ಲಿ ಸೊಸೆಯರೆಲ್ಲ ಕೂತು ದ್ರಾಕ್ಷಿ ಗೊಂಚಲಿನ ಕೆಟ್ಟ ಹಣ್ಣನ್ನು ಕತ್ತರಿಯಿಂದ ತೆಗೆದು ಪೆಟ್ಟಿಗೆಗೆ ತುಂಬುತ್ತಿದ್ದರು. ಆಜಿ ನಡುವೆ ಕೂತು ಎಲ್ಲರ ಪೆಟ್ಟಿಗೆಯಲ್ಲೂ ತಪ್ಪು ಹುಡುಕುತ್ತಿದ್ದರು. ನಾನು ನನ್ನ ಧಾರಾವಾಹಿಯ ಮರಾಠಿಯಲ್ಲಿ ಕೇಳಿದೆ: ಆ ಮುಂದಿನ ತುಂಡಿನಲ್ಲಿ ಬಾವಿ ಇದೆಯೇ?

“ಆಹೇ ಕೀ!” ಎಂದರು ಆಜಿ, ಇಲ್ಲದೆ ಏನು ಎನ್ನುವ ಹಾಗೆ. “ವಿಹೀರ್ ಖಾಲಿ ಆಹೇ.”

“ಖಾಲಿ?”

“ಹಾಂ, ಖಾಲಿ. ಏಕದಮ್ ಖಾಲಿ.” ಕೈಯನ್ನು ನೆಲದ ಕಡೆಗೆ ಒತ್ತಿ ತೋರಿಸಿದರು. ನಾನು ‘ಬಂದ್’ ಎಂದು ಕೈಸನ್ನೆ ಮಾಡಿದೆ. “ಬಂದ್ ಕೇಲೀ” ಎಂದರು, ಮುಚ್ಚಿದ್ದೇವೆ ಎಂದು. ಒಂದು ಗೊಂಚಲು ದ್ರಾಕ್ಷಿ ಕೊಟ್ಟು, ಇಷ್ಟು ಬಡಕಲಾಗಿದ್ದೀಯಲ್ಲ ಎಂದು ಬೈದು ಕಳಿಸಿದರು.

ಖುಷಿಯಲ್ಲಿ ಬಂದೆ. ಒಂದು ಪದವೂ ತಡವರಿಸದೆ ಎಲ್ಲ ತಿಳಿಯಿತಲ್ಲ! ಪುಸ್ತಕ ತೆರೆದು, ಹಳಬರ ಮಾತು ಎಂಬ ಅಂಕಣದಲ್ಲಿ ಇಂಗ್ಲಿಷಿನಲ್ಲಿ ನೀಟಾಗಿ ಬರೆದೆ: ಬಾವಿ ಬತ್ತಿದೆ, ತುಂಬಿ ಮುಚ್ಚಲಾಗಿದೆ. ಆಜಿಯ ಮಾತನ್ನು ಅವರ ಮಾತಿನಲ್ಲೇ ಬರೆಯಬೇಕು ಎಂಬುದು ನೆನಪಿರಲಿಲ್ಲ ಅಂತಲ್ಲ. ಮರಾಠಿಯ ಕಾಗುಣಿತ ತಪ್ಪಿದರೆ ನಗೆಪಾಟಲು ಎಂದು ಅನಿಸಿತು. ಅಷ್ಟೇ ಕಾರಣ.

ಬಡೇ ಸಾಹೇಬರು ಸಂಭಾಜಿನಗರದಲ್ಲಿದ್ದರು, ಫೋನಿನಲ್ಲೇ ಕೇಳಿಸಿಕೊಂಡರು. ತುಂಬಿದ ಬಾವಿಯಾದರೂ ನೆಲ ಸ್ವಲ್ಪ ಕುಸಿಯಬಹುದು, ಮೂರು ಕಡೆ ಭಾರ ಹಾಕಿ ನೋಡಿ ಎಂದರು. ಉಕ್ಕಿನ ತಟ್ಟೆ ಇಟ್ಟು, ಜಾಕ್ ಒತ್ತಿ, ನೆಲ ಎಷ್ಟು ಕೂರುತ್ತದೆ ಎಂದು ಮೂರು ಕಡೆ ಅಳೆದೆವು. ನೆಲ ಅಲುಗಲಿಲ್ಲ. ಒಪ್ಪಿಗೆ ಬರೆದು ಸಹಿ ಹಾಕಿದೆ.

ಮೇ ಕೊನೆಗೆ ಕ್ರೇನು ಬಂತು. ಯುದ್ಧದ ಟ್ಯಾಂಕಿನ ಹಾಗೆ ಉಕ್ಕಿನ ಪಟ್ಟಿಗಳ ಮೇಲೆ ತೆವಳುವ ಕ್ರೇನು. ಬಿಡಿ ಭಾಗಗಳು ಟ್ರೇಲರುಗಳಲ್ಲಿ ಬರುತ್ತಲೇ ಇದ್ದವು. ಜೋಡಿಸಲು ನಾಲ್ಕು ದಿನ ಹಿಡಿಯಿತು. ಅದರ ಕೈ ಎದ್ದು ನಿಂತ ದಿನ ಹೆದ್ದಾರಿಯಲ್ಲಿ ಬೈಕುಗಳು ನಿಂತವು. ಪಾಳಿ ಮುಗಿಸಿ ಸಾತಪುರದಿಂದ ಮನೆಗೆ ಹೊರಟಿದ್ದವರು ಹೆಲ್ಮೆಟ್ ತೆಗೆದು ಮೇಲೆ ನೋಡುತ್ತ ನಿಂತುಬಿಟ್ಟರು. ನಾನೂ ನೋಡಿದೆ. ಮನುಷ್ಯರೇ ಮಾಡಿದ್ದು ಇದು, ನಮ್ಮಂಥವರೇ ಮಾಡಿದ್ದು.

ಮಳೆಗಾಲಕ್ಕೆ ಮೊದಲು ಮಾಡು ಕೂರಬೇಕಿತ್ತು. ಮಧ್ಯಾಹ್ನವಾದರೆ ಗಾಳಿ ಏಳುತ್ತದೆ, ಆದ್ದರಿಂದ ಬೆಳಗ್ಗೆಯೇ ಎತ್ತುವುದೆಂದು ಗೊತ್ತಾಯಿತು. ಆ ದಿನ ಬಡೇ ಸಾಹೇಬರೂ ಬಂದಿದ್ದರು. ಎಂಟರ ಹೊತ್ತಿಗೆ ಕ್ರೇನು ತಾನು ನಿಲ್ಲುವ ಜಾಗದ ಕಡೆಗೆ ತೆವಳತೊಡಗಿತು. ಮುಂದೆ ಸನ್ನೆಗಾರ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ದಾರಿ ತೋರುತ್ತಿದ್ದ. ಅಕ್ಕಪಕ್ಕ, ತೊಲೆಗೆ ಕಟ್ಟುವ ಹಗ್ಗ ಹಿಡಿದು ಎಂಟು ಜನ. ಗಾಜಿನ ಗೂಡಿನಲ್ಲಿ ಚಾಲಕ. ನನ್ನ ಪಕ್ಕದಲ್ಲಿ ನಮ್ಮ ಮುಕಾದಮರು ನಿಂತಿದ್ದರು. ಬೀದರ ಜಿಲ್ಲೆಯ ಹುಮನಾಬಾದ್ ಕಡೆಯವರು, ಮೂವತ್ತು ವರ್ಷದಿಂದ ಮಹಾರಾಷ್ಟ್ರದಲ್ಲಿ ಕೂಲಿಯವರ ತಂಡ ನಡೆಸುತ್ತಿದ್ದವರು. ಆ ಇಡೀ ಬಯಲಿನಲ್ಲಿ ನನ್ನ ಜತೆ ಕನ್ನಡ ಆಡುತ್ತಿದ್ದುದು ಅವರೊಬ್ಬರೇ. ನಾನು ಕಾಕಾ ಎನ್ನುತ್ತಿದ್ದೆ.

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಅಡುಗೆ ಅನಿಲದವನು.

“ಮೇಡಂ, ಸಿಲಿಂಡರ್ ಖಾಲಿ ಆಹೇ” ಎಂದ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೂರು ದಿನದಿಂದ ಕರೆಂಟಿನ ಒಲೆಯಲ್ಲಿ ಅಡುಗೆ ಮಾಡುತ್ತಿದ್ದೆ. “ಖಾಲಿ ಸಿಲಿಂಡರ್ ಕಾಯ್ಕು ಲಾಯೇ ಭೈ?” ಎಂದು ನನ್ನ ದಖನಿಯಲ್ಲಿ ಹರಿಹಾಯ್ದೆ. ಖಾಲಿ ಇದ್ದದ್ದನ್ನು ಯಾಕೆ ತಂದೆ!

“ಭರಲೇಲಾ ಆಹೇ ಮೇಡಂ!” ತುಂಬಿದ್ದೇ ಇದೆ ಎಂದ. “ಖಾಲಿ ಆಹೇ.”

“ತುಂಬಿದ್ದು ಖಾಲಿ ಹೇಗಪ್ಪಾ ಆಗುತ್ತದೆ? ತಲೆ ನೆಟ್ಟಗಿದೆಯೋ ಇಲ್ಲವೋ?”

“ಅಹೋ ಮೇಡಂ, ಭರಲೇಲಾ! ಪಣ್ ಖಾಲಿ!” ತುಂಬಿದೆ, ಆದರೆ ಖಾಲಿ ಎನ್ನುತ್ತ ಅವನ ದನಿ ಅಳುವಂತಾಯಿತು. ನಾನು ಫೋನ್ ಕುಕ್ಕಿದೆ. ಪಕ್ಕದಲ್ಲಿ ಮುಕಾದಮರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಅಕ್ಕೋರ, ಪಾಪ ಅಂವಗ ಯಾಕ ಬೈಲತ್ತೀರಿ? ಅಂವ ಸರೀನೇ ಹೇಳ್ಲತ್ತಾನ. ಮರಾಠ್ಯಾಗ ಖಾಲಿ ಅಂದ್ರ ಕೆಳಗ ಅಂತ್ರಿ. ನಿಮ್ಮ ಸಿಲಿಂಡರ್ ಕೆಳಗ ಗೇಟಿನಾಗ ಇಟ್ಟೀನಿ ಅಂತಾನ.”

“ಹಂಗಾರ ನಮ್ಮ ಖಾಲಿಗಿ ಏನಂತಾರ್ರಿ ಕಾಕಾ?”

“ಅದಕ್ಕ ರಿಕಾಮಾ ಅಂತಾರ. ಹೊಸಬ್ರು ಎಲ್ಲಾರೂ ಒಮ್ಮೆ ಬೀಳ್ತಾರ್ರಿ ಇದ್ರಾಗ. ನಾನೂ ಬಿದ್ದೀನಿ.”

ನಾನೂ ನಗಲು ಹೊರಟೆ. ಬಾಯಿ ತೆರೆದದ್ದು ತೆರೆದೇ ಉಳಿಯಿತು. ದ್ರಾಕ್ಷಿಯ ಕೊಟ್ಟಿಗೆ, ಆಜಿಯ ಕೈ ನೆಲದ ಕಡೆಗೆ ಒತ್ತಿದ್ದು, ಎಲ್ಲ ಕಣ್ಣೆದುರು ಬಂತು. ವಿಹೀರ್ ಖಾಲಿ ಆಹೇ. ಏಕದಮ್ ಖಾಲಿ. ಬಾವಿ ಬತ್ತಿದೆ ಎಂದಲ್ಲ ಆಕೆ ಹೇಳಿದ್ದು. ಬಾವಿ ಕೆಳಗಿದೆ, ನೇರ ಕೆಳಗೇ ಇದೆ ಎಂದು. ಬಂದ್ ಕೇಲೀ ಎಂದರೆ ತುಂಬಿದ್ದಾರೆ ಎಂದು ನಾನೇ ಸೇರಿಸಿಕೊಂಡಿದ್ದೆ. ಬಾಯಿಗೆ ಬರೀ ಮುಚ್ಚಳ ಹಾಕಿದ್ದರೆ?

ಕ್ರೇನು ಮುಂದಕ್ಕೆ ತೆವಳುತ್ತಲೇ ಇತ್ತು. ಯವ್ವಾ, ಆ ಗೂಡಿನಲ್ಲಿ ಒಬ್ಬ ಮನುಷ್ಯ, ಅಕ್ಕಪಕ್ಕ ಎಂಟು ಜನ, ಮುಂದೆ ಒಬ್ಬ.

ಒಂದು ಕ್ಷಣ ನಾನು ತಡೆದದ್ದು ನಿಜ, ಅದನ್ನು ಬಚ್ಚಿಡುವುದಿಲ್ಲ. ಮೂರು ಕಡೆ ಭಾರದ ಪರೀಕ್ಷೆ ಆಗಿದೆ, ನೆಲ ಅಲುಗಿಲ್ಲ. ಗ್ಯಾಸಿನವನ ಒಂದು ಮಾತು ಕೇಳಿ ಇಷ್ಟು ದೊಡ್ಡ ಕೆಲಸ ನಿಲ್ಲಿಸಿದರೆ, ಆಮೇಲೆ ಅಲ್ಲಿ ಏನೂ ಇಲ್ಲದಿದ್ದರೆ, ಈ ಬಯಲಿನಲ್ಲಿ ನನ್ನ ಮಾತನ್ನು ಇನ್ನು ಯಾರು ಕೇಳುತ್ತಾರೆ? ಹಾಗೆ ಅನಿಸಿದ್ದು ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ನಾನು ಓಡುತ್ತಿದ್ದೆ.

ತುರ್ತಾಗಿ ನಿಲ್ಲಿಸುವ ಸನ್ನೆಯನ್ನು ಯಾರು ಬೇಕಾದರೂ ಕೊಡಬಹುದು. ಎರಡೂ ತೋಳು ಅಗಲಕ್ಕೆ ಚಾಚಿ, ಅತ್ತಿಂದಿತ್ತ ಬೀಸಬೇಕು. ತರಬೇತಿಯಲ್ಲಿ ಕಲಿಸಿದಾಗ ನಕ್ಕಿದ್ದೆವು, ಹೊಲದಲ್ಲಿ ಗುಬ್ಬಿ ಓಡಿಸಿದ ಹಾಗಿದೆ ಎಂದು. ತೋಳು ಬೀಸುತ್ತ, ಕನ್ನಡದಲ್ಲಿ “ನಿಲ್ರಿ, ನಿಲ್ರಿ, ನಿಲ್ರೀ” ಎಂದು ಕೂಗುತ್ತ ಓಡಿದೆ. ಸನ್ನೆಗಾರ ನನ್ನನ್ನು ನೋಡಿದ. ಅವನೂ ತೋಳು ಬೀಸಿದ. ಕ್ರೇನು ನಿಂತಿತು.

ಸನ್ನೆ ಕೊಟ್ಟವರು ಅಲ್ಲೇ ಕಾರಣ ಬರೆದು ಸಹಿ ಹಾಕಬೇಕೆಂಬುದು ನಿಯಮ. ಬಡೇ ಸಾಹೇಬರು ಬಂದರು. ತೊಲೆ ಎತ್ತುವ ಗುತ್ತಿಗೆಯವರು ಬಂದರು. ಗಾಳಿ ಏಳುವ ಹೊತ್ತಾಗುತ್ತಿದೆ, ಏನಿದು ತಮಾಷೆ ಎಂದು ಅವರ ಕೂಗಾಟ. ಅಷ್ಟೂ ಜನರ ಎದುರು ಹೇಳಿದೆ: “ನಾನು ಒಂದು ಪದ ತಪ್ಪು ಕೇಳಿದ್ದೇನೆ, ಸಾಹೇಬ್.” ಯಾವ ಪದ, ಹೇಗೆ ತಿಳಿಯಿತು ಎಂಬುದನ್ನೂ ಹೇಳಿದೆ. ಯಾರೋ ಕಿಸಕ್ಕೆಂದು ನಕ್ಕರು. ಬಡೇ ಸಾಹೇಬರು ನಗಲಿಲ್ಲ. ಪುಸ್ತಕ ತರಿಸಿ, ಆ ಪುಟ ತೆರೆದರು.

“ಇದು ನಿಮ್ಮ ಮಾತು,” ಎಂದರು. “ಆಜಿಯ ಮಾತೆಲ್ಲಿ?”

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವರು ಆಜಿಯನ್ನು ಕರೆತರಲು ಜನ ಕಳಿಸಿದರು.

ಮೊಮ್ಮಗನ ಬೈಕಿನ ಹಿಂದೆ ಕೂತು ಆಜಿ ಬಂದರು. ಇಳಿದು, ಸೆರಗು ಬಿಗಿದುಕೊಂಡು, ಆಕಾಶಕ್ಕೆ ಎದ್ದ ಕ್ರೇನನ್ನು ಬಾಯಿ ತೆರೆದು ನೋಡಿದರು. ಆಮೇಲೆ ಕೋಲಿನಿಂದ ಅದನ್ನೇ ತೋರಿಸಿ ಏನೋ ಗದರಿದರು. ಮುಕಾದಮರು ನನ್ನ ಕಿವಿಯಲ್ಲಿ ಹೇಳಿದರು: “ಇದಕ್ಕ ಸರಸ್ರಿ, ನನ್ನ ಗುಡ್ಡ ಕಾಣವಲ್ದು ಅಂತ.”

ಆಜಿಗೆ ಆ ಬಯಲಿನಲ್ಲಿ ಉಳಿದಿದ್ದ ಗುರುತು ಅದೊಂದೇ. ದೂರದ ಗುಡ್ಡದ ತಗ್ಗು, ಅದರ ಮುಂದೆ ಮಾರುತಿ ಗುಡಿಯ ಕಳಸ. ಕಳಸ ಸರಿಯಾಗಿ ತಗ್ಗಿನೊಳಗೆ ಕೂರುವ ಜಾಗದಲ್ಲಿ ನಿಂತರೆ ಬಾವಿಯ ಮೆಟ್ಟಿಲು. ನಾವು ಉಪಗ್ರಹದ ಯಂತ್ರ ಇಟ್ಟು ಅಳೆದಿದ್ದೆವು. ಈಕೆ ಗುಡ್ಡ ಇಟ್ಟು ಅಳೆಯುತ್ತಿದ್ದರು. ಕ್ರೇನು ಇಂಚಿಂಚಾಗಿ ಹಿಂದೆ ಸರಿಯಿತು. ಆಜಿ ಒಂದು ಕಣ್ಣು ಮುಚ್ಚಿ ಎಡಕ್ಕೆ ನಾಲ್ಕು ಹೆಜ್ಜೆ, ಮುಂದಕ್ಕೆ ಎರಡು ಹೆಜ್ಜೆ ಹಾಕಿ, ಕೋಲು ಊರಿದರು. ಕ್ರೇನಿನ ಪಟ್ಟಿಗಳು ನಿಂತಿದ್ದ ಗುರುತು ಮಣ್ಣಿನಲ್ಲಿ ಇನ್ನೂ ಹಸಿಯಾಗಿತ್ತು. ಅಲ್ಲಿಂದ ಆ ಕೋಲಿಗೆ ಐದು ಹೆಜ್ಜೆ.

“ಖಾಲಿ,” ಎಂದರು ಆಜಿ.

ಯಂತ್ರ ಬೇಡ, ಕೈಯಿಂದಲೇ ಅಗೆಯಿರಿ ಎಂದರು ಬಡೇ ಸಾಹೇಬರು. ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುರುಮು ಬಗೆದರು. ಮೊಣಕಾಲಿನಷ್ಟು ಆಳಕ್ಕೆ ಗುದ್ದಲಿ ಕಲ್ಲಿಗೆ ತಾಗಿತು. ಹಾಸುಗಲ್ಲು, ಒಂದರ ಪಕ್ಕ ಒಂದು. ಎರಡರ ನಡುವಿನ ಸಂದಿಯನ್ನು ಹಾರೆಯಿಂದ ಅಗಲ ಮಾಡಿ ಮುಕಾದಮರು ಒಂದು ಬೆಣಚುಕಲ್ಲು ಹಾಕಿದರು. ನಾನು ಮನಸ್ಸಿನಲ್ಲೇ ಒಂದು, ಎರಡು ಎಣಿಸಿದೆ. ಕೆಳಗಿನಿಂದ ಸದ್ದು ಬಂತು. ನೀರಿನ ಸದ್ದು.

ಒಂದು ಹಾಸುಗಲ್ಲನ್ನು ಸರಪಳಿ ಹಾಕಿ ಸರಿಸಿದಾಗ ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಬಿಸಿಲು ಒಂದು ಪಟ್ಟಿಯಾಗಿ ಒಳಗೆ ಇಳಿಯಿತು. ಅದನ್ನು ಹೇಗೆ ಹೇಳಲಿ? ಕಪ್ಪು ಕಲ್ಲು, ಒಂದೊಂದನ್ನೂ ಕೆತ್ತಿ ಕೂರಿಸಿದ್ದು, ಸಂದಿಯಲ್ಲಿ ಉಗುರೂ ಹೋಗದು. ಗೋಡೆಯ ಸುತ್ತ ಸುತ್ತಿಕೊಂಡು ಇಳಿಯುವ ಮೆಟ್ಟಿಲುಗಳು. ಅರ್ಧದಲ್ಲಿ ದೀಪದ ಗೂಡು, ಅದರೊಳಗೆ ಇನ್ನೂ ಒಂದು ಮಣ್ಣಿನ ಹಣತೆ. ಕೆಳಗೆ, ತೀರ ಕೆಳಗೆ, ಬಿಸಿಲು ಮುಟ್ಟಿದಲ್ಲಿ ನೀರು ಹಸಿರಾಗಿ ಹೊಳೆಯಿತು. ನಾನು ಕಟ್ಟುತ್ತಿದ್ದ ಆ ಕಾಂಕ್ರೀಟಿನ ಅರಮನೆಯಲ್ಲಿ ಅಷ್ಟು ನೆಟ್ಟಗಿನ ಗೋಡೆ ಒಂದೂ ಇರಲಿಲ್ಲ. ಅದನ್ನು ಯಾರು ಕಟ್ಟಿದರೋ, ಅವರಿಗೆ ಕೈಮುಗಿಯಬೇಕೆನಿಸಿತು. ಮುಗಿದೆ ಕೂಡ.

ಹಾಸುಗಲ್ಲುಗಳನ್ನು ಹೊತ್ತದ್ದು ಹಳೆಯ ರೈಲು ಕಂಬಿಗಳು. ತುಕ್ಕು ತಿಂದು ಬೆರಳಿನಷ್ಟು ತೆಳ್ಳಗಾಗಿದ್ದವು. ಆಜಿ ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ಕರು ಬಾವಿಗೆ ಬಿದ್ದು ಸತ್ತಿತಂತೆ. ಆಮೇಲೆ ಬೋರ್‌ವೆಲ್ಲೂ ಬಂದದ್ದರಿಂದ ಮಾವ ಬಾಯಿಗೆ ಕಲ್ಲು ಹಾಸಿ, ಮಣ್ಣು ಎಳೆದು, ಬಳ್ಳಿ ಹಬ್ಬಿಸಿದರಂತೆ. ನಮ್ಮ ಭಾರದ ಪರೀಕ್ಷೆಯ ತಟ್ಟೆಗಳಲ್ಲಿ ಒಂದು ಬಾವಿಯ ಕಟ್ಟೆಯ ಮೇಲೇ ಕೂತಿತ್ತು, ಉಳಿದೆರಡು ಬಾವಿಯಿಂದ ಆಚೆಗಿದ್ದವು. ಕಟ್ಟೆ ಬಂಡೆಯ ಹಾಗೆ ಗಟ್ಟಿ; ಅದಕ್ಕೇ ಅಲುಗಿರಲಿಲ್ಲ.

ಚಾಲಕ ಗೂಡಿನಿಂದ ಇಳಿದು ಬಂದು ಬಗ್ಗಿ ನೋಡಿದ. ಪಂಜಾಬಿನ ಕಡೆಯವನು, ಬೆಳಗ್ಗೆಯಿಂದ ಎಲ್ಲರನ್ನೂ ನಗಿಸುತ್ತಿದ್ದ. ನೋಡಿದವನು ಹಾಗೇ ನೆಲಕ್ಕೆ ಕೂತುಬಿಟ್ಟ. ಆಮೇಲೆ ಎದ್ದು ಹೋಗಿ ಆಜಿಯ ಕಾಲು ಮುಟ್ಟಿದ. ನಾನು ಸಿಮೆಂಟ್ ಚೀಲಗಳ ಹಿಂದೆ ಹೋಗಿ ನಿಂತು ಮನಸಾರೆ ಅತ್ತೆ. ಮುಕಾದಮರು ನೀರಿನ ಬಾಟಲಿ ತಂದುಕೊಟ್ಟರು. “ಅಳಬ್ಯಾಡ್ರಿ ಅಕ್ಕೋರ. ಗ್ಯಾಸಿನಂವಗ ಒಂದು ಪೇಢೆ ತಿನಸ್ರಿ” ಎಂದರು. ಅಳುತ್ತಳುತ್ತಲೇ ನಕ್ಕೆ.

ಅಲ್ಲಿಗೆ ಕಷ್ಟ ಮುಗಿಯಲಿಲ್ಲ. ಕ್ರೇನಿಗೆ ಹೊಸ ಜಾಗ ಸಿಕ್ಕಿದ್ದು ಹದಿನೈದು ಮೀಟರ್ ದೂರದಲ್ಲಿ. ಕೈ ದೂರ ಚಾಚಿದಷ್ಟೂ ಕ್ರೇನು ಎತ್ತುವ ಭಾರ ಕಮ್ಮಿಯಾಗುತ್ತದೆ. ತುಂಬಿದ ಕೊಡವನ್ನು ಮೈಗೆ ತಾಗಿಸಿ ಹೊರುವುದಕ್ಕೂ ತೋಳು ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ. ಇಡೀ ತೊಲೆ ಇನ್ನು ಏಳುವುದಿಲ್ಲ. ಮೂರು ದಿನ ಬಡೇ ಸಾಹೇಬರು ಲೆಕ್ಕ ಹಾಕಿದರು. ಕೊನೆಗೆ ಪ್ರತಿ ತೊಲೆಯನ್ನೂ ನಡುವಿನ ಜೋಡಣೆಯಲ್ಲಿ ಬಿಚ್ಚಿ ಎರಡು ಭಾಗ ಮಾಡುವುದು, ಚೌಕದ ನಡುವೆ ತಾತ್ಕಾಲಿಕ ಉಕ್ಕಿನ ಗೋಪುರ ಕಟ್ಟಿ ಅದರ ಮೇಲೆ ಎರಡನ್ನೂ ತಂದಿಟ್ಟು, ಮೇಲೇ ಬೋಲ್ಟು ಬಿಗಿಯುವುದು ಎಂದಾಯಿತು. ಬೋಲ್ಟಿನ ತೂತುಗಳು ಸರಿಯಾಗಿ ಎದುರುಬದುರು ಬರಬೇಕು. ಬೆಳಗಿನ ತಂಪಿನಲ್ಲಿ ಬಂದವು ಬಿಸಿಲೇರಿದಾಗ ಬರುತ್ತಿರಲಿಲ್ಲ, ಉಕ್ಕು ಹಿಗ್ಗುತ್ತಿತ್ತು. ಹಾಗಾಗಿ ಸೂರ್ಯ ಏರುವ ಮೊದಲೇ ಮೇಲೆ ಹತ್ತುತ್ತಿದ್ದೆವು. ಕೊನೆಯ ತೊಲೆಯ ಕೊನೆಯ ಬೋಲ್ಟು ಬಿಗಿದಾಗ ಪಶ್ಚಿಮದ ಗುಡ್ಡದ ಮೇಲೆ ಮೋಡ ಕಟ್ಟಿತ್ತು. ಗಾಜು ಕೂರುವವರೆಗೆ ತಗಡು ಹೊದಿಸಿದೆವು, ಎರಡು ದಿನಕ್ಕೆ ಮಳೆ ಬಂತು.

ಬಾವಿಯನ್ನು ಏನು ಮಾಡುವುದು? ಮಾಲಿಕರ ಕಡೆಯವರು ಕಾಂಕ್ರೀಟ್ ಸುರಿದು ತುಂಬಿಬಿಡಿ, ಕಾಟ ತಪ್ಪಲಿ ಎಂದರು. ಸಭೆಯಲ್ಲಿ ನಾನು ಬಾಯಿ ಬಿಡುವ ಧೈರ್ಯ ಮಾಡಲಿಲ್ಲ; ನನ್ನ ತಪ್ಪಿನ ಬಿಸಿ ಇನ್ನೂ ಆರಿರಲಿಲ್ಲ. ಬಡೇ ಸಾಹೇಬರು ಮಾತಾಡಿದರು. ಅವರು ಅಷ್ಟು ಉದ್ದ ಮಾತಾಡಿದ್ದು ನಾನು ಮತ್ತೆ ಕೇಳಿಲ್ಲ.

“ಸಂಭಾಜಿನಗರದಲ್ಲಿ ಆ ಮಾಲ್ ಕಟ್ಟುವಾಗ ನೆಲದಡಿಯ ಒಂದು ಕಾಲುವೆ ಸಿಕ್ಕಿತು. ನೀರು ಹರಿಯುತ್ತಿತ್ತು. ನಾನೇ ನಿಂತು ತುಂಬಿಸಿದೆ. ಹಿಂದಿನ ಓಣಿಯ ಬಾವಿಗಳು ಮರುವರ್ಷ ಒಣಗಿದವು. ಆ ಓಣಿಯಲ್ಲಿ ನನ್ನ ಅಕ್ಕನ ಮನೆ ಇದೆ. ಅವಳಿಗೆ ಇವತ್ತಿಗೂ ನಾನು ಹೇಳಿಲ್ಲ. ನನ್ನ ಕೈಯಿಂದ ಎರಡನೆಯದನ್ನು ತುಂಬಿಸಬೇಡಿ.”

ಆ ಪುಸ್ತಕದ ಕೊನೆಯ ಅಂಕಣ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು.

ಬಾವಿ ಉಳಿಯಿತು. ಸುತ್ತ ಉಂಗುರದ ಹಾಗೆ ಕಾಂಕ್ರೀಟ್ ತೊಲೆ ಹಾಕಿ, ಅಂಗಳದ ಭಾರ ಬಾವಿಯ ಗೋಡೆಗೆ ತಾಗದಂತೆ ಮಾಡಿದೆವು. ಸೊಂಟದೆತ್ತರದ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ. ಮಾಡಿನ ಮಳೆನೀರು ಸೋಸಿ ಅದರೊಳಗೆ ಬೀಳುವಂತೆ ಪೈಪು. ಆ ಕೆಲಸವನ್ನು ಬೇಡಿ ಪಡೆದು ನಾನೇ ನಿಂತು ಮಾಡಿಸಿದೆ.

ಮಾಲ್ ತೆರೆದ ದಿನ ಜನವೋ ಜನ. ಸಟಾಣಾ ಕಡೆಯಿಂದ ದಾಳಿಂಬೆ ಬೆಳೆಯುವವರು ಜೀಪು ತುಂಬಿ ಬಂದಿದ್ದರು. ತಾನಾಗಿ ಮೇಲೇರುವ ಯಂತ್ರದ ಮೆಟ್ಟಿಲ ಮುಂದೆ ಹೆಂಗಸರು ಒಂದು ಕಾಲು ಮುಂದಿಡುವುದು, ಹಿಂದೆ ತೆಗೆಯುವುದು, ಒಬ್ಬರ ಸೆರಗು ಒಬ್ಬರು ಹಿಡಿದು ಒಟ್ಟಿಗೇ ಹಾರುವುದು, ಮೇಲೆ ಮುಟ್ಟಿದ ಮೇಲೆ ಚಪ್ಪಾಳೆ ಹೊಡೆಯುವುದು. ಅರ್ಧ ಅಂಗಡಿಗಳೂ ತೆರೆದಿರಲಿಲ್ಲ. ಈಗ ತೆರೆಯದ ಬಾಗಿಲು ಒಂದೂ ಇಲ್ಲ. ಪಕ್ಕದಲ್ಲಿ ಇನ್ನೊಂದು ಭಾಗ ಎದ್ದಿದೆ, ಬಸ್ ನಿಲ್ದಾಣಕ್ಕೇ ಮಾಲಿನ ಹೆಸರು ಬಿದ್ದಿದೆ.

ಆ ಹೊಸ ಭಾಗಕ್ಕೆ ನೆಲದ ತಪಾಸಣೆ ಮಾಡುವಾಗ ಮತ್ತೆ ಆಜಿಯ ಬಳಿಗೆ ಹೋಗಿದ್ದೆ. ಕೇಳಿದ ಒಂದೊಂದು ಪದವನ್ನೂ ದೇವನಾಗರಿಯಲ್ಲಿ ಬರೆದು, ಓದಿ ಹೇಳಿ, ಸರಿಯೇ ಎಂದು ಕೇಳಿದೆ. ಅವರು ಸೊಸೆಯರ ಕಡೆ ನೋಡಿ ನಕ್ಕರು. ನನ್ನ ಕಥೆ ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನನ್ನ ಕಾಗುಣಿತದಲ್ಲಿ ಮೂರು ತಪ್ಪಿದ್ದವು. ಮೊಮ್ಮಗ ತಿದ್ದಿಕೊಟ್ಟ.

ಆ ದಿನವೇ ಅವರನ್ನು ಮಾಲಿಗೆ ಕರೆದುಕೊಂಡು ಹೋದೆ. ಇಷ್ಟು ವರ್ಷವಾದರೂ ಆಜಿ ಒಳಗೆ ಕಾಲಿಟ್ಟಿರಲಿಲ್ಲ, ತನ್ನ ತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೇಗೆ ಹೋಗಲಿ ಎಂದು. ಚಪ್ಪಲಿ ಕೈಯಲ್ಲಿ ಹಿಡಿದೇ ಬಂದರು. ಮುಂಭಾಗದ ಗಾಜಿನ ಲಿಫ್ಟಿನಲ್ಲಿ ಏರಿದೆವು. ನೆಲ ಜಾರಿ ಕೆಳಗೆ ಹೋಗುತ್ತಿದ್ದಂತೆ ಆಜಿ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು. ಹೆದ್ದಾರಿ ಕಂಡಿತು, ಮಾರುತಿಯ ಕಳಸ ಕಂಡಿತು, ತಗ್ಗಿನ ಗುಡ್ಡ ಕಂಡಿತು. ಒಂದೊಂದನ್ನೂ ಬೆರಳು ಮಾಡಿ ಎಣಿಸಿದರು. ಇನ್ನೇನೋ ಹುಡುಕುತ್ತ ಗಾಜಿಗೆ ಹಣೆ ಹಚ್ಚಿದರು. ಮೂರನೆಯ ಅಂತಸ್ತು ಮುಟ್ಟುವ ಹೊತ್ತಿಗೆ ಅವರ ಮುಖ ಅರಳಿತು.

“ಪೋರಿ,” ಎಂದರು ನನ್ನನ್ನು ಅಲುಗಿಸಿ. “ವಿಹೀರ್ ಖಾಲಿ ಆಹೇ.”

ಈ ಸಲ ನಾನು ಕೆಳಗೆ ನೋಡಿದೆ.